ಸರಸ್ವತಿಗೂ ಒಂದು ಪಹಣಿ ಬೇಕು ಸ್ವಾಮಿ

ನನ್ನ ಮೊದಲ ಪುಸ್ತಕ ಬಂದಾಗ ಪ್ರಕಾಶಕರು ಇಪ್ಪತ್ತೈದು ಪ್ರತಿ ಕೊಟ್ರು, ಒಂದು ಶಾಲು ಹೊದಿಸಿದ್ರು. ಬಿಡುಗಡೆ ದಿನ ಉಪ್ಪಿಟ್ಟು-ಕೇಸರಿಬಾತು ಇತ್ತು. ಅಲ್ಲಿಗೆ ಲೆಕ್ಕ ಚುಕ್ತಾ. ಒಪ್ಪಂದ? ಇಲ್ಲ. ಎಷ್ಟು ಪ್ರತಿ ಅಚ್ಚಾಯ್ತು ಸಾರ್ ಅಂದ್ರೆ 'ಒಂದು ಸಾವಿರ ಅಂದ್ಕೊಳ್ಳಿ' ಅಂದ್ರು. ಅಂದ್ಕೊಂಡೆ. ಎರಡು ವರ್ಷ ಬಿಟ್ಟು ಒಂದು ಪುಸ್ತಕದಂಗಡಿಯಲ್ಲಿ ಅದೇ ಪುಸ್ತಕ ಕಂಡಿತು, ಒಳಪುಟದಲ್ಲಿ 'ಎರಡನೇ ಮುದ್ರಣ' ಅಂತಿತ್ತು. ಹತ್ತು ಪರ್ಸೆಂಟ್ ರಿಯಾಯಿತಿಯಲ್ಲಿ ನಾನೇ ಒಂದು ಪ್ರತಿ ಕೊಂಡುಕೊಂಡು ಬಂದೆ.

ನನಗೆ ನಾಚಿಕೆಯಾಗೋದು ಪ್ರಕಾಶಕರ ಬಗ್ಗೆ ಅಲ್ಲ, ನನ್ನ ಬಗ್ಗೆ. ಆಫೀಸಿನಲ್ಲಿ ಕ್ಲೈಂಟ್ ಕಳಿಸೋ ನಲವತ್ತು ಪುಟದ ಕಾಂಟ್ರ್ಯಾಕ್ಟಿನಲ್ಲಿ ಒಂದು ಅಲ್ಪವಿರಾಮ ಆಚೀಚೆಯಾದ್ರೂ ಮೇಲ್ ಹಾಕೋನು ನಾನು. ಅಪ್ಪ ಓದಿದ್ದು ಏಳನೇ ಕ್ಲಾಸು. ತಿಪಟೂರು ಮಂಡಿಗೆ ಕೊಬ್ಬರಿ ಹಾಕಿದರೆ ತೂಕದ ಚೀಟಿ ಜೇಬಿಗಿಳಿಯದೆ ಬಸ್ಸು ಹತ್ತಿದವರಲ್ಲ. ಅವರ ಮಗ ಬಿಇ ಮಾಡಿ, ಮೂರು ವರ್ಷ ರಾತ್ರಿ ಕೂತು ಬರೆದದ್ದನ್ನ ಚೀಟಿಯಿಲ್ಲದೆ ಕೊಟ್ಟು ಬಂದ.

'ಸಾಹಿತ್ಯ ವ್ಯಾಪಾರ ಅಲ್ಲ ಕಣಯ್ಯ' ಅನ್ನುವ ಹಿರಿಯರು ಈಗ ಕೆಮ್ಮುತ್ತಾರೆ. ಸರಿ, ಅಲ್ಲ. ಆದರೆ ಕಾಗದದವನಿಗೆ, ಮುದ್ರಕನಿಗೆ, ಬೈಂಡರಿಗೆ, ಮುಖಪುಟದವನಿಗೆ ಅದು ವ್ಯಾಪಾರವೇ. ಗ್ರಂಥಾಲಯ ಇಲಾಖೆಗೆ ಪುಸ್ತಕ ಹೋಗುವಾಗಲೂ ವ್ಯಾಪಾರವೇ. ಈ ಇಡೀ ಸಾಲಿನಲ್ಲಿ ಬರೆದವನೊಬ್ಬನ ಹತ್ತಿರ ಬಂದಾಗ ಮಾತ್ರ ಅದು ಸರಸ್ವತಿ ಸೇವೆ ಆಗೋದು ಹೇಗೆ? ಸಣ್ಣ ಪ್ರಕಾಶಕರ ಕಷ್ಟ ನನಗೆ ಗೊತ್ತು, ಇಲಾಖೆಯ ದುಡ್ಡು ಯಾವಾಗ ಬರುತ್ತೋ ದೇವರಿಗೇ ಗೊತ್ತು. 120 ರೂಪಾಯಿ ಪುಸ್ತಕ, ಸಾವಿರ ಪ್ರತಿ, ಹತ್ತು ಪರ್ಸೆಂಟ್ ಅಂದ್ರೆ 12,000 ರೂಪಾಯಿ. ಅದನ್ನ ತಡವಾಗಿ ಕೊಡಲಿ, ಕಂತಿನಲ್ಲಿ ಕೊಡಲಿ. ಲೆಕ್ಕವನ್ನಾದರೂ ಹೇಳಲಿ. ಲೆಕ್ಕ ಹೇಳೋಕೆ ದುಡ್ಡು ಬೇಕಾಗಿಲ್ಲವಲ್ಲ.

ತಮಾಷೆ ಏನು ಅಂದ್ರೆ, ಕಾನೂನು ನಮ್ಮ ಕಡೆಗೇ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಸೆಕ್ಷನ್ ಓದಿ. ಬರಹದಲ್ಲಿ, ಸಹಿ ಹಾಕಿ ಕೊಡದಿದ್ದರೆ ಹಕ್ಕು ಯಾರಿಗೂ ಹೋಗೋದೇ ಇಲ್ಲ. ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ ಐದೇ ವರ್ಷ. ಯಾವ ಪ್ರದೇಶಕ್ಕೆ ಅಂತ ಬರೆಯದಿದ್ದರೆ ಭಾರತ ಮಾತ್ರ. 2012ರ ತಿದ್ದುಪಡಿ ಬಂದ ಮೇಲೆ, ಸಹಿ ಹಾಕಿದ ದಿನ ಇಲ್ಲದ ಮಾಧ್ಯಮದ ಹಕ್ಕನ್ನ ಹೆಸರು ಹೇಳದೆ ಕೊಟ್ಟಂತಾಗೋದಿಲ್ಲ. ಇಷ್ಟಿದ್ದೂ 'ಎಲ್ಲ ಹಕ್ಕುಗಳೂ, ಎಂದೆಂದಿಗೂ' ಅಂತ ಬರೆದ ಒಂದು ಪುಟದ ಪತ್ರಕ್ಕೆ ಕನ್ನಡಕ ಹುಡುಕದೆ ಸಹಿ ಹಾಕ್ತೀವಿ. ಇ-ಪುಸ್ತಕ, ಆಡಿಯೋ, ಅನುವಾದ, ಸಿನಿಮಾ ಎಲ್ಲ ಆ 'ಎಲ್ಲ'ದೊಳಗೇ ಹೋಯ್ತು. (ಸಾಫ್ಟ್‌ವೇರ್ ಗೆಳೆಯರೇ, ನಿಮ್ಮ ಆಫರ್ ಲೆಟರನ್ನೂ ಒಮ್ಮೆ ತೆಗೆದು ನೋಡಿ. ಕೆಲಸದಲ್ಲಿರುವಾಗ ಸೃಷ್ಟಿಸಿದ್ದೆಲ್ಲ ಕಂಪನಿಯದ್ದು ಅಂತ ಇರಬಹುದು. ಕವಿತೆ ಪಾಲಿಗಾದರೂ ವಿನಾಯಿತಿ ಕೇಳಿ ಬರೆಸಿಕೊಳ್ಳಿ.)

ಇನ್ನು ಸತ್ತ ಮೇಲಿನ ಕಥೆ. ಲೇಖಕ ತೀರಿಕೊಂಡ ಮೇಲೂ ಅರವತ್ತು ವರ್ಷ ಹಕ್ಕು ಇರುತ್ತೆ. ಉಯಿಲಿಲ್ಲದೆ ಹೋದರೆ ಅದು ಹಂಚದೆ ಬಿಟ್ಟ ಜಮೀನು. ಆರು ಮಕ್ಕಳಲ್ಲಿ ಇಬ್ಬರು ಅಮೆರಿಕದಲ್ಲಿ, ಒಬ್ಬರು ಮಾತು ಬಿಟ್ಟವರು; ಮರುಮುದ್ರಣಕ್ಕೆ ಯಾರ ಸಹಿ ತರೋದು? ಶಿವರಾಮ ಕಾರಂತರು 1994ರಲ್ಲೇ ಉಯಿಲು ಬರೆದು, ತಮ್ಮ ಸಾಹಿತ್ಯ ಕೃತಿಗಳ ಹಕ್ಕು ಯಾರಿಗೆ ಅಂತ ಹೆಸರಿಟ್ಟು ಹೇಳಿದ್ದರು. 1997ರಲ್ಲಿ ತೀರಿಕೊಂಡರು. 2001ರಲ್ಲಿ ಅವರು ರೂಪಿಸಿದ ಯಕ್ಷಗಾನ ಬ್ಯಾಲೆಯ 'ಅಭಿಮನ್ಯು ವಧೆ' ದೆಹಲಿಯಲ್ಲಿ ಪ್ರದರ್ಶನವಾಗಿ ಜಗಳ ಕೋರ್ಟು ಹತ್ತಿತು. ಬ್ಯಾಲೆ ಸಾಹಿತ್ಯ ಕೃತಿಯೋ, ನಾಟಕ ಕೃತಿಯೋ? ಕಾಯ್ದೆಯಲ್ಲಿ ಎರಡೂ ಬೇರೆ ಬೇರೆ. ಉಳಿದದ್ದೂ ಅವರಿಗೇ ಅನ್ನೋ ಅರ್ಥದ ಇನ್ನೊಂದು ಸಾಲು ಉಯಿಲಿನಲ್ಲಿತ್ತು, ಅದು ಕೈಹಿಡಿಯಿತು. ಹಾಗಿದ್ದೂ ಪ್ರಕರಣ ಮುಗಿಯಲು 2009ರಲ್ಲಿ ಸುಪ್ರೀಂ ಕೋರ್ಟೇ ಬೇಕಾಯ್ತು. ಬರೆದಿಟ್ಟು ಹೋದವರ ಗತಿ ಇದು. ನಮ್ಮಲ್ಲಿ ಎಷ್ಟು ಜನ ಏನು ಬರೆದಿಟ್ಟಿದ್ದೀವಿ?

ಎರಡನೇ ಪುಸ್ತಕಕ್ಕೆ ಅದೇ ಪ್ರಕಾಶಕರು ಕೇಳಿದ್ರು. ಈ ಸಲ ನಾನೇ ಒಂದು ಪುಟ ಟೈಪ್ ಮಾಡಿ ತಗೊಂಡು ಹೋದೆ: ಕನ್ನಡ ಮುದ್ರಣ ಮಾತ್ರ, ಐದು ವರ್ಷ, ಹತ್ತು ಪರ್ಸೆಂಟ್, ವರ್ಷಕ್ಕೊಮ್ಮೆ ಲೆಕ್ಕ. ಅವರು ಎರಡು ಸಲ ಓದಿದ್ರು. 'ನೀವು ಸಾಫ್ಟ್‌ವೇರ್‌ನವರು ಬಿಡಿ, ನಂಬಿಕೆ ಅಂದ್ರೆ ಗೊತ್ತಿಲ್ಲ' ಅಂತ ನಕ್ಕು, ಕಾಫಿ ತರಿಸಿದ್ರು. ಸಹಿ ಇನ್ನೂ ಆಗಿಲ್ಲ. ಹಸ್ತಪ್ರತಿ ನನ್ನ ಹತ್ತಿರವೇ ಇದೆ.