‘ಸೂಪರ್’ ಅಂದರೆ ಸಾಕಾ?

ಮನೆಯ ವಾಟ್ಸಾಪ್ ಗುಂಪಿಗೆ ಯಾರಾದರೂ ತಾವು ಹಾಡಿದ್ದೋ ನುಡಿಸಿದ್ದೋ ಒಂದು ತುಣುಕು ಹಾಕಿದರೆ ಮುಂದಿನ ಐದು ನಿಮಿಷದಲ್ಲಿ ಎಂತ ಆಗ್ತದೆ ಅಂತ ನಿಮಗೂ ಗೊತ್ತುಂಟು. ನಾಲ್ಕು ಹೆಬ್ಬೆರಳು, ಎರಡು ಚಪ್ಪಾಳೆ, ಒಂದು ‘ಸೂಪರ್’. ಪ್ರೀತಿಗೇನೂ ಕೊರತೆ ಇಲ್ಲ. ಆದರೆ ನುಡಿಸಿದವರು ನಾಳೆ ಬೆಳಿಗ್ಗೆ ಎಂತ ಅಭ್ಯಾಸ ಮಾಡಬೇಕು ಅಂತ ಮಾತ್ರ ಅದರಿಂದ ಗೊತ್ತಾಗುವುದಿಲ್ಲ.

ಆಲೆಟ್ಟಿಯಲ್ಲಿರುವ ನನ್ನ ಅಣ್ಣನ ಮಗ ಪಿಯುಸಿ ಓದುತ್ತಿದ್ದಾನೆ. ಸುಳ್ಯ ಪೇಟೆಯ ಮಗ್ಗುಲಲ್ಲೇ ಇರುವ ಊರು. ಅಡಿಕೆ, ರಬ್ಬರು, ಯಕ್ಷಗಾನ ಎಲ್ಲ ಉಂಟು, ಪಿಯಾನೋ ಕಲಿಸುವವರು ನಮ್ಮ ಮನೆ ಹತ್ತಿರ ಇಲ್ಲ. ಇವನು 61 ಕೀಲಿಗಳ ಒಂದು ಕೀಬೋರ್ಡ್ ಇಟ್ಟುಕೊಂಡು, ಮೊಬೈಲ್ ನೋಡಿ ನೋಡಿ ಕಲಿತವನು. ಕಳೆದ ಮಳೆಗಾಲದಲ್ಲಿ ಬಾಖ್‌ನ ಸಿ ಮೇಜರ್ ಪ್ರಿಲ್ಯೂಡ್ ನುಡಿಸಿ, ಗುಂಪಿಗೆ ಹಾಕದೆ ನನಗೊಬ್ಬಳಿಗೇ ಕಳಿಸಿದ. ಬೆಂಗಳೂರಿನಲ್ಲಿ ಮೂರು ವರ್ಷ ವಾರಾಂತ್ಯದ ಪಿಯಾನೋ ಕ್ಲಾಸಿಗೆ ಹೋದವಳು ನಾನು, ಅದಕ್ಕೆ. ಜೊತೆಗೆ ಒಂದು ಸಾಲು: “ಅತ್ತೆ, ಸತ್ಯ ಹೇಳು. ಆಗುವ ಹಾಗೆ ಇಲ್ಲದಿದ್ರೆ ಕೀಬೋರ್ಡ್ ಅಟ್ಟಕ್ಕೆ ಹಾಕ್ತೇನೆ. ಅಪ್ಪನೂ ಇದರಿಂದ ಎಂತ ಆಗ್ಲಿಕ್ಕುಂಟು ಅಂತ ಕೇಳ್ತಾ ಇದ್ದಾರೆ.”

ಇಂಥ ಪ್ರಶ್ನೆಗೆ ‘ಸೂಪರ್’ ಅಂದರೆ ಅದು ಉತ್ತರವೇ ಅಲ್ಲ. ‘ಇನ್ನೂ ಅಭ್ಯಾಸ ಬೇಕು’ ಅಂದರೂ ಅಷ್ಟೇ. ಅಭ್ಯಾಸ ಯಾರಿಗೆ ಬೇಡ ಮಾರಾಯ್ರೆ?

ಮೊದಲು ಆ ಕೃತಿಯ ಬಗ್ಗೆ ಸ್ವಲ್ಪ. ಬಾಖ್ 1722ರಲ್ಲಿ ಒಟ್ಟುಗೂಡಿಸಿದ ‘ವೆಲ್-ಟೆಂಪರ್ಡ್ ಕ್ಲೇವಿಯರ್’ ಮೊದಲ ಸಂಪುಟದ ಮೊದಲ ತುಣುಕು ಇದು. ಇದರ ಮೊದಲಿನ ರೂಪ, ತನ್ನ ಹಿರಿಮಗ ವಿಲ್ಹೆಲ್ಮ್ ಫ್ರೀಡೆಮನ್‌ಗೆ ಕಲಿಸಲಿಕ್ಕೆ ಅವನು 1720ರಲ್ಲಿ ಶುರು ಮಾಡಿದ ಪುಸ್ತಕದಲ್ಲೇ ಸಿಗುತ್ತದೆ. ಅಂದರೆ ಇದು ಮನೆಯ ಮಕ್ಕಳ ಕೈಗೆ ಬರೆದ ಸಂಗೀತ. ಒಟ್ಟು 35 ಬಾರ್. ಕೊನೆಯ ಮೂರನ್ನು ಬಿಟ್ಟರೆ ಎಲ್ಲದರಲ್ಲೂ ಎಂಟು ಸ್ವರಗಳ ಒಂದೇ ಹೆಣಿಗೆ, ಎರಡೆರಡು ಸಲ. ಕೇಳಲಿಕ್ಕೆ ಸುಲಭ. ಆದರೆ ಹೆಣಿಗೆ ಒಂದೇ ಆದ ಕಾರಣ ಒಂದು ಎಳೆ ಸಡಿಲಾದರೂ ಕಿವಿಗೆ ಗೊತ್ತಾಗಿಬಿಡುತ್ತದೆ.

ಅಣ್ಣನಿಗೆ ಇನ್ನೊಂದು ಸಂಶಯ ಇತ್ತು. “ಸಣ್ಣ ಕೀಬೋರ್ಡ್ ಆದ ಕಾರಣ ಸರಿ ಬರುವುದಿಲ್ಲವಾ? 88 ಕೀಲಿಯದ್ದೇ ಬೇಕಾ?” ಈ ತುಣುಕಿಗೆ ಬೇಡ. ಆ ಸಂಪುಟ ಪೂರ್ತಿ ನಾಲ್ಕು ಸಪ್ತಕದೊಳಗೆ ಮುಗಿಯುತ್ತದೆ. 61 ಕೀಲಿ ಅಂದರೆ ಐದು ಸಪ್ತಕ. ಆಗಿನ ಹಾರ್ಪ್ಸಿಕಾರ್ಡ್‌ನಲ್ಲಿ ಕೀಲಿಯನ್ನು ಜೋರಾಗಿ ಒತ್ತಿದರೂ ಮೆಲ್ಲಗೆ ಒತ್ತಿದರೂ ಸದ್ದು ಹೆಚ್ಚುಕಡಿಮೆ ಒಂದೇ. ಹಾಗಾಗಿ ಕೀಬೋರ್ಡ್ ಸಣ್ಣದು ಎನ್ನುವುದು ಸದ್ಯಕ್ಕೆ ನೆಪ ಮಾತ್ರ. ಮುಂದೆ ಬೀಥೋವನ್, ಶೋಪಾನ್ ಕಡೆಗೆ ಹೋದರೆ ತೂಕದ ಕೀಲಿಯ ವಾದ್ಯ ಬೇಕಾಗುತ್ತದೆ. ಆ ಖರ್ಚು ಆಗ ನೋಡಿದರಾಯ್ತು.

ಹೆಡ್‌ಫೋನ್ ಹಾಕಿ ಮೂರು ಸಲ ಕೇಳಿದೆ. ಎಲ್ಲೋ ಒಂದು ಕಡೆ ಸಂಗೀತ ಮುಗ್ಗರಿಸುತ್ತಿತ್ತು. ಆದರೆ ಸ್ವರ ಎಲ್ಲ ಸರಿ ಇದ್ದವು. ಕೊನೆಗೆ ಅಪ್ಪನಿಗೆ ಫೋನ್ ಮಾಡಿ ಕೇಳಿಸಿದೆ. ಅಪ್ಪ ವರ್ಷಗಟ್ಟಲೆ ಯಕ್ಷಗಾನದ ಹಿಮ್ಮೇಳದಲ್ಲಿ ಮದ್ದಳೆ ಬಾರಿಸಿದವರು. ಬಾಖ್ ಯಾರು ಅಂತ ಅವರಿಗೆ ಗೊತ್ತಿಲ್ಲ, ಗೊತ್ತಾಗಬೇಕೆಂದೂ ಇಲ್ಲ. ಒಂದೇ ಸಲ ಕೇಳಿ ಹೇಳಿದರು: “ಸುರು ಲಾಯ್ಕ ಉಂಟು. ನಡುವೆ ಒಂದು ಕಡೆ ಮಾಣಿಗೆ ಹೆದರಿಕೆ ಆಯ್ತಲ್ಲ, ಅಲ್ಲಿ ಲಯ ಎಳೀತು. ಎಳೆದದ್ದು ಗೊತ್ತಾಗಿ ಮತ್ತೆ ಓಡಿದ.”

ಹೌದು, ಅದೇ. 1 ನಿಮಿಷ 24 ಸೆಕೆಂಡಿನ ಹತ್ತಿರ, 22 ಮತ್ತು 23ನೇ ಬಾರ್. ಅಲ್ಲಿಯವರೆಗೆ ಹಿತವಾಗಿ ಹೋಗುವ ಸ್ವರಗುಚ್ಛಗಳು ಅಲ್ಲಿ ಇದ್ದಕ್ಕಿದ್ದಂತೆ ಒರಟಾಗುತ್ತವೆ. ಕೈ ಮುಂದಿನ ಆಕಾರವನ್ನು ಹುಡುಕುತ್ತದೆ, ಲಯ ಕಾಯುತ್ತದೆ. ಬೆರಳಿನ ಬಲಕ್ಕೂ ಇದಕ್ಕೂ ಸಂಬಂಧ ಇಲ್ಲ.

ಅವನಿಗೆ ನಾನು ಬರೆದದ್ದು ಇಷ್ಟು. ಒಂದು, ಮೊದಲ ಹತ್ತೊಂಬತ್ತು ಬಾರ್‌ಗಳಲ್ಲಿ ಎಡಗೈಯ ಕೆಳಸ್ವರವನ್ನು ನೀನು ಅವಸರ ಮಾಡದೆ ಹಿಡಿದದ್ದು ಚೆನ್ನಾಗಿದೆ, ಅದನ್ನು ಬಿಡಬೇಡ. ಎರಡು, 22ರಲ್ಲಿ ಲಯ ಎಳೆಯುತ್ತದೆ, 24ರಲ್ಲಿ ಓಡುತ್ತದೆ. ಮೂರು, ಒಂದು ವಾರ ಮೊದಲಿನಿಂದ ನುಡಿಸಲೇ ಬೇಡ. 20ರಿಂದ 25ರವರೆಗೆ ಮಾತ್ರ, ಐದು ಸ್ವರಗಳನ್ನೂ ಒಟ್ಟಿಗೆ ಒತ್ತಿ, ಮೆಟ್ರೊನೋಮ್ 50ಕ್ಕೆ ಇಟ್ಟು. ಕೈಗೆ ಆಕಾರ ಅಭ್ಯಾಸವಾದ ಮೇಲೆ ಬಿಡಿಸಿ ನುಡಿಸು. ಮತ್ತೆ, ಮೊಬೈಲನ್ನು ಕೀಬೋರ್ಡಿನ ಮೇಲೆ ಇಡಬೇಡ, ಕೀಲಿಯ ಟಕಟಕ ಎಲ್ಲ ಬರ್ತದೆ. ಎರಡು ಮಾರು ದೂರ ಇಡು, ಫ್ಯಾನ್ ಆಫ್ ಮಾಡು.

ಬರೆದು ಕಳಿಸುವಾಗ ನನಗೆ ಅಳುಕು ಇತ್ತು. ಹದಿನೇಳರ ಹುಡುಗ, ಬೇಜಾರು ಮಾಡಿಕೊಂಡು ನಿಜವಾಗಿಯೂ ಅಟ್ಟಕ್ಕೆ ಹಾಕಿದರೆ? ಎರಡು ದಿನ ಉತ್ತರ ಇಲ್ಲ. ಮೂರನೇ ದಿನ ಬಂತು: “ಅಜ್ಜ ಮೇಜಿಗೆ ತಾಳ ಹಾಕ್ತಾ ಕೂತಿದ್ದಾರೆ ಅತ್ತೆ. ಮೆಟ್ರೊನೋಮ್‌ಗಿಂತ ಕಷ್ಟ.”

ಪಿಯಾನೋ ನಮ್ಮ ಕಡೆಯದ್ದಲ್ಲ ಅನ್ನುವವರಿಗೆ ಮೈಸೂರಿನ ಜಯಚಾಮರಾಜ ಒಡೆಯರ್ ನೆನಪಾಗಬೇಕು. ಪಿಯಾನೋ ವಾದಕರಾಗಬೇಕು ಅಂತ ಆಸೆ ಇಟ್ಟುಕೊಂಡಿದ್ದ ಅವರು 1940ರಲ್ಲಿ, 21ರ ವಯಸ್ಸಿನಲ್ಲಿ ಮಹಾರಾಜರಾದರು. ಆಮೇಲೂ ಬಿಡಲಿಲ್ಲ, 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪಡೆದರು. ರಷ್ಯಾದ ಮೆಡ್ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟರು. ಮೆಡ್ನರ್ ತಮ್ಮ ಮೂರನೇ ಪಿಯಾನೋ ಕನ್ಸರ್ಟೊವನ್ನು ಅವರಿಗೇ ಅರ್ಪಿಸಿದರು. ಅದೇ ಒಡೆಯರ್ ಕರ್ನಾಟಕ ಸಂಗೀತದಲ್ಲಿ 94 ಕೃತಿಗಳನ್ನೂ ರಚಿಸಿದರು. ಹೊಗಳುವವರಿಗೆ ಅರಮನೆಯಲ್ಲಿ ಬರ ಇದ್ದಿರಲಾರದು. ಆದರೂ ಅವರಿಗೆ ಪರೀಕ್ಷಕರ ಕಿವಿ ಬೇಕಿತ್ತು.

ಈಗ ಆ ಕಿವಿ ಅಷ್ಟು ದೂರ ಇಲ್ಲ. ಎಬಿಆರ್‌ಎಸ್‌ಎಂನ ಪರ್ಫಾರ್ಮೆನ್ಸ್ ಗ್ರೇಡ್ ಪರೀಕ್ಷೆಗೆ ಮನೆಯಲ್ಲೇ ವಿಡಿಯೊ ಮಾಡಿ ಕಳಿಸಬಹುದು. ನಾಲ್ಕು ಕೃತಿ, ನಡುವೆ ನಿಲ್ಲಿಸದೆ ಒಂದೇ ವಿಡಿಯೊ. 150ಕ್ಕೆ 100 ಬಂದರೆ ಪಾಸು. ಅಂಕದ ಜೊತೆ ಪರೀಕ್ಷಕರು ಬರೆದ ಮಾತುಗಳೂ ಬರುತ್ತವೆ. ನನ್ನನ್ನು ಕೇಳಿದರೆ ಕಟ್ಟಿದ ಫೀಸು ಅದಕ್ಕೇ. ಅಣ್ಣ ಇನ್ನೂ ಹೂಂ ಅಂದಿಲ್ಲ. ಬೋರ್ಡ್ ಪರೀಕ್ಷೆ ಮುಗಿಯಲಿ ಅಂದಿದ್ದಾನೆ, ಅದೂ ಸರಿಯೇ. ಎರಡನೇ ರೆಕಾರ್ಡಿಂಗ್‌ನಲ್ಲಿ 22 ಸರಿಯಾಗಿದೆ, 24 ಇನ್ನೂ ಸ್ವಲ್ಪ ಓಡ್ತದೆ. ಕೀಬೋರ್ಡ್ ಚಾವಡಿಯಲ್ಲೇ ಉಂಟು.

ನಿಮ್ಮ ಮೊಬೈಲಿಗೂ ಇಂಥ ತುಣುಕು ಬರಬಹುದು. ಪಿಯಾನೋ ಆಗಬೇಕೆಂದಿಲ್ಲ, ಕೊಳಲು, ಹಾಡು, ಚೆಂಡೆ ಯಾವುದೂ ಆಗಬಹುದು. ಮೊದಲು ಪೂರ್ತಿ ಕೇಳಿ. ಹಿಡಿಸಿದ ಒಂದು ಜಾಗ, ಕಿವಿಗೆ ಚುಚ್ಚಿದ ಒಂದು ಜಾಗ, ನಿಮಿಷ-ಸೆಕೆಂಡಿನ ಸಮೇತ ಹೇಳಿ. ಸಂಗೀತ ಗೊತ್ತಿಲ್ಲದಿದ್ದರೆ ‘ಇಲ್ಲಿ ನನ್ನ ಗಮನ ತಪ್ಪಿತು’ ಅಂದರೂ ಸಾಕು. ಕಳಿಸುವವರು ನೀವಾದರೆ ‘ಹೇಗುಂಟು’ ಅಂತ ಮಾತ್ರ ಕೇಳಬೇಡಿ. ‘ನಡುವೆ ಲಯ ತಪ್ಪುತ್ತದಾ ನೋಡಿ’ ಅಂತ ಕೇಳಿ. ಹೆಬ್ಬೆರಳು ಆಮೇಲೆ ಹಾಕಿದರೂ ಆಗ್ತದೆ.