ಪಕ್ಕದ ದನಿ ನಿಂತ ಮೇಲೆ



ಹೋದ ತಿಂಗಳು ಆಸ್ಟಿನ್‌ನಿಂದ ನಮ್ಮ ಓದುಗರೊಬ್ಬರು ಫೋನ್ ಮಾಡಿದ್ದರು. ದ ಡೊಮೇನ್ ಹತ್ತಿರ ಅಪಾರ್ಟ್‌ಮೆಂಟಿನಲ್ಲಿ ಇರುವವರು. ಅದೂ ಇದೂ ಮಾತಾಡಿ, ಕೊನೆಗೆ ಹೇಳಿದರು: "ನಮ್ಮ ಬಿಲ್ಡಿಂಗಿನಲ್ಲಿ ಮಕ್ಕಳಿಗೆ ದೇವರನಾಮ ಹೇಳಿಕೊಡ್ತಿದ್ದ ಅಕ್ಕ ಒಬ್ಬರಿದ್ದಾರೆ. ಅವರ ಮಗು ತೀರಿಕೊಂಡು ಐದು ತಿಂಗಳಾಯ್ತು. ಪಾಠ ನಿಲ್ಲಿಸಿಬಿಟ್ಟಿದ್ದಾರೆ. ಶ್ರುತಿಪೆಟ್ಟಿಗೆ ಮುಟ್ಟಿಲ್ಲವಂತೆ. ಎದುರಿಗೆ ಸಿಕ್ಕರೆ ಏನು ಮಾತಾಡಬೇಕೋ ಗೊತ್ತಾಗಲ್ಲ. ಮೊನ್ನೆ ಅವರು ಅಂಚೆಡಬ್ಬಿ ಹತ್ತಿರ ನಿಂತಿದ್ದರು, ಅವರು ಒಳಗೆ ಹೋಗೋ ತನಕ ನಾನು ಕಾರಲ್ಲೇ ಕೂತುಬಿಟ್ಟೆ. ತಪ್ಪಲ್ವಾ?"

ತಪ್ಪು ಅಂತ ಹೇಳೋಕೆ ನನಗೆ ಬಾಯಿ ಬರಲಿಲ್ಲ. ನಾವೆಲ್ಲ ಹಾಗೇ ಮಾಡಿದವರೇ. ಆದರೆ ಆ ಫೋನ್ ಇಟ್ಟ ಮೇಲೆ ನನಗೆ ನೆನಪಾದವರು ನಮ್ಮ ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್. ಈ ತಿಂಗಳು ಅವರ ವಿಷಯವೇ ಬರೆಯೋಣ ಅನ್ನಿಸಿತು.

ಗಂಗೂಬಾಯಿ ಹುಟ್ಟಿದ್ದು ಧಾರವಾಡದಲ್ಲಿ, 1913ರ ಮಾರ್ಚ್ 5ರಂದು. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತ ಹಾಡುವವರು. ಮಗಳ ಹಿಂದೂಸ್ತಾನಿ ಕಲಿಕೆಗೆ ತನ್ನ ಹಾಡು ಅಡ್ಡ ಬರಬಾರದು ಅಂತ ತಾವೇ ಹಾಡುವುದನ್ನು ಬಿಟ್ಟ ತಾಯಿ ಅವರು. ಆ ತಾಯಿ 1932ರಲ್ಲಿ ಹೋದರು. ಕುಂದಗೋಳದ ಸವಾಯಿ ಗಂಧರ್ವರ ಹತ್ತಿರ ಕಲಿತು ಗಂಗೂಬಾಯಿ ಕಿರಾಣಾ ಘರಾಣೆಯ ದೊಡ್ಡ ಹೆಸರಾದರು. ಮೂವರು ಮಕ್ಕಳು, ಮಗಳು ಕೃಷ್ಣಾ. 1966ರಲ್ಲಿ ಗಂಡ ಗುರುರಾವ್ ಕೌಲಗಿ ತೀರಿಕೊಂಡರು. ಸಾವು ಅವರಿಗೆ ಹೊಸದೇನೂ ಆಗಿರಲಿಲ್ಲ.

ಚಿಕ್ಕಂದಿನಲ್ಲಿ ಗಂಗೂಬಾಯಿಯವರದು ತೆಳ್ಳಗಿನ, ಎತ್ತರದ ದನಿ. ಗಂಟಲಿನ ಒಂದು ಆಪರೇಷನ್ ಆದ ಮೇಲೆ ಅದು ಗಡುಸಾಗಿ ಕೆಳಗಿಳಿಯಿತು. ಗಂಡಸು ಹಾಡುತ್ತಿದ್ದಾರೋ ಹೆಂಗಸೋ ಅಂತ ಹೊಸಬರು ಒಂದು ಗಳಿಗೆ ತಬ್ಬಿಬ್ಬಾಗಬೇಕು, ಅಂಥ ದನಿ. ಅವರ ಪಕ್ಕದಲ್ಲಿ ಕೂತು ಹಾಡುತ್ತಿದ್ದವರು ಮಗಳು ಕೃಷ್ಣಾ. ಸ್ವತಃ ಒಳ್ಳೆಯ ಗಾಯಕಿ. ತನ್ನದೇ ಹೆಸರು ಮಾಡಿಕೊಂಡು ಬೇರೆಯಾಗಿ ನಿಲ್ಲಬಹುದಿತ್ತು. ಆದರೆ ಬದುಕಿನ ಬಹುಭಾಗ ಅವ್ವನ ಪಕ್ಕದಲ್ಲೇ ಕೂತರು. ಹಳೆಯ ಧ್ವನಿಮುದ್ರಣ ಯಾವುದಾದರೂ ಸಿಕ್ಕರೆ ಕೇಳಿ ನೋಡಿ. ಕೆಳಗಿನ ಗಟ್ಟಿ ದನಿ ಎಲ್ಲಿ ಬಿಡುತ್ತದೋ ಅಲ್ಲಿಂದ ಇನ್ನೊಂದು ತೆಳು ದನಿ ಮೇಲಕ್ಕೆ ಹಿಡಿದುಕೊಂಡು ಹೋಗುತ್ತದೆ. ಅದು ಕೃಷ್ಣಾ.

2003ರಲ್ಲಿ ಗಂಗೂಬಾಯಿಯವರಿಗೆ ಅಸ್ಥಿಮಜ್ಜೆಯ ಕ್ಯಾನ್ಸರ್. ಅದನ್ನು ಅವರು ಗೆದ್ದರು. ಮಾರನೆಯ ವರ್ಷ, 2004ರಲ್ಲಿ, ಕೃಷ್ಣಾ ಕ್ಯಾನ್ಸರ್‌ನಿಂದ ತೀರಿಕೊಂಡರು. ಮಗಳಿಗೆ 75, ತಾಯಿಗೆ 91.

"ಎಪ್ಪತ್ತೈದು ವರ್ಷ ತುಂಬು ಬದುಕಲ್ವಾ" ಅಂತ ಯಾರಾದರೂ ಅಂದಿರಬಹುದು. ನಾವು ಹಾಗೆ ಅನ್ನುತ್ತೇವೆ. ಆದರೆ ತೊಂಬತ್ತೊಂದರ ತಾಯಿಗೆ ಎಪ್ಪತ್ತೈದರವಳೂ ಮಗುವೇ. ಅದರ ಮೇಲೆ ಇವರಿಗೆ ಮಗಳು ಹೋದಾಗ ಹಾಡಿನ ಅರ್ಧ ಭಾಗವೂ ಹೋಯಿತು. ಕೂತು ಬಾಯಿ ತೆರೆದರೆ ಪಕ್ಕದಲ್ಲಿ ಆ ದನಿ ಇಲ್ಲ. ಬೇರೆಯವರಿಗೆ ಕೆಲಸದಲ್ಲಿ ಮನಸ್ಸು ತೊಡಗಿಸಿದರೆ ಸ್ವಲ್ಪ ಮರೆವು ಸಿಗುತ್ತದೆ. ಸಂಗೀತದ ತಾಯಿಗೆ ಕೆಲಸವೇ ನೆನಪು. ಡೊಮೇನ್ ಹತ್ತಿರದ ಅಕ್ಕ ಶ್ರುತಿಪೆಟ್ಟಿಗೆ ಮುಟ್ಟದಿರುವುದು ಯಾಕೆ ಅಂತ ಈಗ ಸ್ವಲ್ಪ ಅರ್ಥ ಆಗುತ್ತದೆ, ಅಲ್ವಾ?

ಇನ್ನೊಬ್ಬರು ಕೆ.ಎಸ್. ಚಿತ್ರಾ. ಕೇರಳದವರಾದರೂ ಕನ್ನಡದವರಿಗೆ ಮನೆಯವರೇ. 'ಅಮೃತವರ್ಷಿಣಿ'ಯ ಆ ತುಂತುರು ಮಳೆಯ ಹಾಡನ್ನು ಕಾರಿನಲ್ಲಿ ಹಾಕಿಕೊಳ್ಳದವರು ನಮ್ಮಲ್ಲಿ ಯಾರಿದ್ದಾರೆ! ಮದುವೆಯಾಗಿ ಬಹಳ ವರ್ಷಗಳ ಮೇಲೆ, 2002ರಲ್ಲಿ, ಅವರಿಗೆ ಹುಟ್ಟಿದ ಒಬ್ಬಳೇ ಮಗಳು ನಂದನಾ. 2011ರ ಏಪ್ರಿಲ್‌ನಲ್ಲಿ, ವಿಷು ಹಬ್ಬದ ಹೊತ್ತು, ಕಾರ್ಯಕ್ರಮಕ್ಕೆ ಅಂತ ತಾಯಿ ಮಗಳು ದುಬೈಗೆ ಹೋಗಿದ್ದಾಗ ಆ ಮಗು ಈಜುಕೊಳದಲ್ಲಿ ಮುಳುಗಿ ತೀರಿಕೊಂಡಿತು. ಎಂಟು ವರ್ಷ. ದುಡಿಯಲು ಹೋದ ಪರದೇಶದಲ್ಲಿ ಮಗುವನ್ನು ಕಳೆದುಕೊಂಡು ಊರಿಗೆ ತರುವುದು ಏನು ಅಂತ ಈ ಪತ್ರಿಕೆ ಓದುವವರಿಗೆ ಬಿಡಿಸಿ ಹೇಳಬೇಕಿಲ್ಲ.

ಚಿತ್ರಾ ಕೆಲಕಾಲ ಹಾಡಲಿಲ್ಲ. ಆಮೇಲೆ ಮೈಕಿನ ಮುಂದೆ ಮತ್ತೆ ಬಂದರು, ಇವತ್ತಿಗೂ ಹಾಡುತ್ತಿದ್ದಾರೆ. ಹಾಗಂತ ಮಗಳ ಮಾತು ಮುಗಿಯಿತು ಅಂತಲ್ಲ. ಇಷ್ಟು ವರ್ಷವಾದರೂ ಮಗಳ ದಿನ ಬಂದರೆ ಆಕೆಯ ಫೋಟೊ ಹಾಕಿ, ಹೆಸರು ಹೇಳಿ, ನೆನೆಯುತ್ತಾರೆ. ಹಾಡೂ ನಡೆದಿದೆ, ನೆನಪೂ ನಡೆದಿದೆ. ಒಂದಕ್ಕೆ ಇನ್ನೊಂದು ಅಡ್ಡ ಬಂದಿಲ್ಲ.

ಗಂಗೂಬಾಯಿಯವರೂ ಮತ್ತೆ ಹಾಡಿದರು. 2006ರ ಮಾರ್ಚ್‌ನಲ್ಲಿ, ತಮ್ಮ ಸಂಗೀತ ಬದುಕಿನ 75ನೇ ವರ್ಷದ ನೆಪದಲ್ಲಿ, ಕೊನೆಯ ಕಛೇರಿ ಕೊಟ್ಟರು. ಆಗ ಅವರಿಗೆ 93. ಮಗಳು ಹೋಗಿ ಸುಮಾರು ಎರಡು ವರ್ಷ. 2009ರ ಜುಲೈ 21ರಂದು ಹುಬ್ಬಳ್ಳಿಯಲ್ಲಿ ತೀರಿಕೊಂಡಾಗ ಅವರ ಕಣ್ಣುಗಳನ್ನು ದಾನ ಮಾಡಲಾಯಿತು.

ನಾನು ಇದರಿಂದ ಕಲಿತದ್ದು ಇಷ್ಟೇ. ಚೇತರಿಸಿಕೊಳ್ಳೋದು ಅಂದರೆ ಮರೆಯೋದಲ್ಲ. ಪಕ್ಕದ ಜಾಗ ಖಾಲಿ ಇದ್ದರೂ ಹಾಡೋದು. ಅದಕ್ಕೆ ಐದು ತಿಂಗಳೋ, ಎರಡು ವರ್ಷವೋ, ಲೆಕ್ಕ ಇಡಬೇಕಾದವರು ನಾವಲ್ಲ.

ಹಾಗಾದರೆ ನಾವು ಮಾಡಬೇಕಾದ್ದೇನು? ಊರಲ್ಲಾದರೆ ಓಣಿಯವರೇ ಬಂದು ಕೂರುತ್ತಿದ್ದರು, ಹದಿಮೂರು ದಿನ ಅಡುಗೆ ಬೇರೆ ಮನೆಯಿಂದ ಬರುತ್ತಿತ್ತು. ಇಲ್ಲಿ ಡಾಲಸ್ ಇರಲಿ, ಹ್ಯೂಸ್ಟನ್ ಇರಲಿ, ಮೂರನೇ ದಿನಕ್ಕೆ ಲ್ಯಾಪ್‌ಟಾಪ್ ತೆಗೆಯಬೇಕು. ಸಾವಿಗೆ ಸಂಬಳದ ರಜೆ ಕೊಡಲೇಬೇಕು ಅಂತ ಅಮೆರಿಕದ ಒಕ್ಕೂಟ ಕಾನೂನಿನಲ್ಲಿ ಇಲ್ಲ; ಟೆಕ್ಸಸ್‌ನಲ್ಲೂ ಖಾಸಗಿ ಕಂಪನಿಗಳಿಗೆ ಅಂಥ ಕಟ್ಟುಪಾಡಿಲ್ಲ. ಕಂಪನಿ ನಿಯಮದಲ್ಲಿ ಏನಿದೆ ಅಂತ ಎಚ್.ಆರ್. ಅವರನ್ನು ಕೇಳಬೇಕು. ದುಃಖದಿಂದ ಆರೋಗ್ಯವೇ ಕೆಟ್ಟು ಡಾಕ್ಟರ ಚಿಕಿತ್ಸೆಯಲ್ಲಿದ್ದರೆ ಎಫ್‌ಎಂಎಲ್‌ಎ ಕಾನೂನಿನಡಿ ವರ್ಷಕ್ಕೆ 12 ವಾರದವರೆಗೆ ಸಂಬಳವಿಲ್ಲದ ರಜೆ ಸಿಗಬಹುದು. ಅದಕ್ಕೆ ಕಂಪನಿಯಲ್ಲಿ 50 ಜನ ಇರಬೇಕು, ನೀವು ಅಲ್ಲಿ 12 ತಿಂಗಳು, ಹಿಂದಿನ ವರ್ಷದಲ್ಲಿ 1,250 ಗಂಟೆ ದುಡಿದಿರಬೇಕು. ವೀಸಾ ಮೇಲೆ ಇರುವವರು ಉದ್ದದ ರಜೆ ಹಾಕುವ ಮೊದಲು ವಲಸೆ ವಕೀಲರನ್ನು ಒಂದು ಮಾತು ಕೇಳಿ. ಕಳೆದುಕೊಂಡವರಿಗೆ ಈ ಓಡಾಟ ಮಾಡುವ ಶಕ್ತಿ ಇರಲ್ಲ. ಫಾರಂ ತುಂಬಿಕೊಡುವುದೂ ಸಾಂತ್ವನವೇ.

ಮಕ್ಕಳನ್ನು ಕಳೆದುಕೊಂಡ ತಂದೆತಾಯಿಗಳೇ ಸೇರುವ 'ದ ಕಂಪ್ಯಾಷನೇಟ್ ಫ್ರೆಂಡ್ಸ್' ಅಂತ ಒಂದು ಬಳಗ ಇದೆ. 1969ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದದ್ದು, ಟೆಕ್ಸಸ್‌ನಲ್ಲೂ ಶಾಖೆಗಳಿವೆ. ಯಾವ ಧರ್ಮಕ್ಕೂ ಸೇರಿದ್ದಲ್ಲ. ಪ್ರತಿ ಡಿಸೆಂಬರ್ ಎರಡನೇ ಭಾನುವಾರ ಸಂಜೆ 7 ಗಂಟೆಗೆ ಅವರು ಬೇರೆ ಬೇರೆ ದೇಶಗಳಲ್ಲಿ ದೀಪ ಹಚ್ಚುತ್ತಾರೆ. ನಮ್ಮ ಮನೆಯಲ್ಲೂ ಒಂದು ಹಚ್ಚಬಹುದು. ಬದುಕೇ ಬೇಡ ಅನ್ನುವ ಮಾತು ಯಾರ ಬಾಯಲ್ಲಾದರೂ ಬಂದರೆ ತಡಮಾಡಬೇಡಿ, 988ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಎತ್ತುತ್ತಾರೆ, ದುಡ್ಡಿಲ್ಲ. ಇಂಗ್ಲಿಷ್ ಕಷ್ಟವಾದರೆ ದುಭಾಷಿ ಬೇಕು ಅಂತ ಕೇಳಿ.

ಇನ್ನು ಮಾತಿನ ವಿಷಯ. "ದೇವರ ಇಚ್ಛೆ", "ಇನ್ನೊಂದು ಮಗು ಆಗುತ್ತೆ", "ಧೈರ್ಯ ತಂದುಕೊಳ್ಳಿ", ಇವು ಮೂರೂ ಬೇಡ. ಮಗುವಿನ ಹೆಸರು ಹಿಡಿದು ಮಾತಾಡಿ. ಹೆಸರು ಹೇಳಿದರೆ ನೆನಪಾಗಿ ಅಳ್ತಾರೇನೋ ಅಂತ ನಮಗೆ ಭಯ. ಅವರು ಮರೆತಿದ್ದರೆ ತಾನೇ ನೆನಪಾಗೋದು?

ಇದನ್ನೆಲ್ಲ ಆ ಓದುಗರಿಗೆ ಹೇಳಿದೆ. ಎರಡು ವಾರ ಬಿಟ್ಟು ಮತ್ತೆ ಫೋನ್ ಬಂತು. ಒಂದು ಡಬ್ಬಿ ಅನ್ನ ಸಾರು ತಗೊಂಡು ಹೋಗಿದ್ದರಂತೆ. "ಹಾಡಿ ಅಂತ ಕೇಳಲಿಲ್ಲ ಸರ್, ನೀವು ಹೇಳಿದ ಹಾಗೆ. ಮಗೂಗೆ ಯಾವ ಹಾಡು ಇಷ್ಟ ಇತ್ತು ಅಕ್ಕ ಅಂತ ಕೇಳಿದೆ. ಒಂದು ಗಂಟೆ ಮಾತಾಡಿದರು. ಅತ್ತರು. ನಾನೂ ಅತ್ತೆ. ಬರುವಾಗ, ಮುಂದಿನ ವಾರವೂ ಬಾಮ್ಮ ಅಂದರು."

ಶ್ರುತಿಪೆಟ್ಟಿಗೆ ಇನ್ನೂ ಮುಚ್ಚೇ ಇದೆ. ಇರಲಿ. ಮುಂದಿನ ವಾರ ಇವರು ಹೋಗ್ತಾರೆ.

ಮುಂದಿನ ತಿಂಗಳು ಸಿಗೋಣ.