ಕಲ್ಲೂ ಕರಗುತ್ತದೆ

ಕೊಟ್ಟ ಮಾತು ತಪ್ಪಬಾರದು, ಬಿಟ್ಟ ದತ್ತಿ ಕೆಡಬಾರದು ಎಂದು ನಮ್ಮ ಹಿರಿಯರು ಅದನ್ನು ಕಲ್ಲಿನಲ್ಲಿ ಕೊರೆಸಿದರು. ಆಚಂದ್ರಾರ್ಕವಾಗಿ ನಿಲ್ಲಲೆಂದು ಹಾರೈಸಿದರು. ಆದರೆ ಊರ ಗುಡಿಯ ಅಂಗಳದ ಶಾಸನವನ್ನು ಬೆರಳಿನಿಂದ ಸವರಿ ನೋಡಿದರೆ ಬೇರೆಯೇ ಸಂಗತಿ ತಿಳಿಯುತ್ತದೆ. ಮೇಲಿನ ಸಾಲುಗಳು ಓದಲು ಬಂದರೂ ನೆಲಕ್ಕೆ ಸಮೀಪದ ಸಾಲುಗಳು ಎಷ್ಟೋ ಕಡೆ ಪುಡಿಯಾಗಿ ಉದುರಿರುತ್ತವೆ. ಕಲ್ಲು ನಿಂತಲ್ಲಿಯೇ ಸವೆಯುವ ಈ ಕ್ರಿಯೆಗೆ ಶಿಥಿಲೀಕರಣವೆಂದು ಹೆಸರು. ಅದು ಮುಖ್ಯವಾಗಿ ಎರಡು ಬಗೆ.

ಮೊದಲನೆಯದು ಭೌತಿಕ. ಹಿಮಾಲಯದಂತಹ ಶೀತಪ್ರದೇಶಗಳಲ್ಲಿ ಬಿರುಕಿಗಿಳಿದ ನೀರು ಹೆಪ್ಪುಗಟ್ಟುವಾಗ ಸುಮಾರು ಶೇಕಡಾ 9ರಷ್ಟು ಹಿಗ್ಗಿ ಬಂಡೆಯನ್ನು ಸೀಳುತ್ತದೆ. ನಮ್ಮ ಬಯಲುಸೀಮೆಯಲ್ಲಿ ಹಿಮವಿಲ್ಲ. ಇಲ್ಲಿ ಹಗಲಿನ ಬಿಸಿಲು, ಇರುಳಿನ ತಂಪು, ಶಿಖರದ ಸಂದಿನಲ್ಲಿ ಬೇರುಬಿಟ್ಟ ಅರಳಿಯ ಸಸಿ, ಇವುಗಳೊಡನೆ ಉಪ್ಪೂ ಆ ಕೆಲಸವನ್ನು ಮಾಡುತ್ತದೆ. ನೆಲದ ತೇವವು ಕಲ್ಲಿನೊಳಗೆ ಏರುವಾಗ ಲವಣಗಳನ್ನು ಹೊತ್ತು ತರುತ್ತದೆ. ನೀರು ಆರಿದೊಡನೆ ಲವಣವು ಹರಳುಗಟ್ಟಿ, ಕಲ್ಲಿನ ಮೈಯನ್ನು ಒಳಗಿನಿಂದಲೇ ತಳ್ಳಿ ಹಕ್ಕಳೆ ಎಬ್ಬಿಸುತ್ತದೆ. ಶಾಸನದ ಕೆಳಸಾಲುಗಳು ಮೊದಲು ಅಳಿಯುವುದಕ್ಕೆ ಇದೂ ಒಂದು ಕಾರಣ.

ಎರಡನೆಯದು ರಾಸಾಯನಿಕ. ಮಳೆಯ ನೀರು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ಸೌಮ್ಯವಾದ ಆಮ್ಲವಾಗುತ್ತದೆ. ಗ್ರಾನೈಟಿನಲ್ಲಿರುವ ಫೆಲ್ಡ್‌ಸ್ಪಾರ್ ಎಂಬ ಖನಿಜವು ಇದರಿಂದ ಜೇಡಿಯಾಗಿ ಮಾರ್ಪಡುತ್ತದೆ; ಬೆಣಚು ಮಾತ್ರ ಮರಳಾಗಿ ಉಳಿಯುತ್ತದೆ. ಹಂಪೆಯ ಗುಂಡುಬಂಡೆಗಳನ್ನು ನೋಡಿದವರು ಅವನ್ನು ಯಾರೋ ಉರುಳಿಸಿ ತಂದರೆಂದು ಭಾವಿಸುವುದುಂಟು. ಅವು ಅಲ್ಲಿಯವೇ, ಆ ಶಿಲೆಯ ವಯಸ್ಸು ಸುಮಾರು 250 ಕೋಟಿ ವರ್ಷ. ಅದು ಮಣ್ಣಿನಡಿಯಲ್ಲಿದ್ದಾಗಲೇ ಸೀಳುಗಳ ಗುಂಟ ಇಳಿದ ನೀರು ಮೂಲೆಗಳನ್ನು ಹಲವು ಕಡೆಯಿಂದ ತಿಂದುದರಿಂದ ಬಂಡೆಗಳು ಗುಂಡಾದವು. ಮೇಲಿನ ಮಣ್ಣು ಕೊಚ್ಚಿಹೋದ ಬಳಿಕ ಅವು ಬೆಳಕು ಕಂಡವು.

ಇದನ್ನು ಕೇವಲ ನಾಶವೆನ್ನಲಾಗದು. ವಿಜಯಪುರ, ಕಲಬುರಗಿಗಳ ಎರೆಮಣ್ಣು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ತಣಿದು ಆದ ಕಪ್ಪುಶಿಲೆ ಕರಗಿ ಬಂದದ್ದು. ನಮ್ಮ ತಟ್ಟೆಯ ಜೋಳದ ರೊಟ್ಟಿಯ ಹಿಂದೆ ಕರಗಿದ ಕಲ್ಲಿದೆ. ಒಂದು ಅಂಗುಲ ಮಣ್ಣಾಗಲು ನೂರಾರು ವರ್ಷ ಬೇಕು; ಬದುವಿಲ್ಲದ ಹೊಲದಿಂದ ಅದು ಕೊಚ್ಚಿಹೋಗಲು ಕೆಲವು ಮಳೆಗಾಲಗಳೇ ಸಾಕು.

ಪ್ರಕೃತಿಯದು ನಿಧಾನ, ಅವಸರ ನಮ್ಮದು. ಜೀರ್ಣೋದ್ಧಾರದ ಹೆಸರಿನಲ್ಲಿ ಹಳೆಯ ಗುಡಿಯ ಕಲ್ಲಿಗೆ ಆಯಿಲ್ ಪೇಂಟು ಬಳಿಯುತ್ತೇವೆ, ಸಿಮೆಂಟಿನ ಗಿಲಾವು ಮೆತ್ತುತ್ತೇವೆ. ಒಳಗಿನ ತೇವಕ್ಕೆ ಹೊರಬರಲು ದಾರಿಯಿಲ್ಲದಾಗುತ್ತದೆ. ಸಿಮೆಂಟಿನ ಲವಣವೂ ಕಲ್ಲಿಗೆ ಸೇರುತ್ತದೆ. ಮುಂದೆ ಆ ಬಣ್ಣ ತೆಗೆಯಲು ಮರಳು ಸಿಡಿಸುವ ಯಂತ್ರ ತಂದರೆ ಬಣ್ಣದೊಡನೆ ಉಳಿದ ಅಕ್ಷರಗಳೂ ಹೋಗುತ್ತವೆ. ಇಂತಹ ಬಣ್ಣದ ಕೆಲಸಕ್ಕೆ ಭಕ್ತಿಯಿಂದಲೇ ವಂತಿಗೆ ಕೊಟ್ಟವರಲ್ಲಿ ನಾವೂ ಒಬ್ಬರು. ತಿಳಿಯದೆ ಮಾಡಿದ್ದೆಂದರೆ ಅಳಿದ ಸಾಲು ಮರಳಿ ಬಾರದು.

ಆದುದರಿಂದ ಓದುಗ ಬಂಧುಗಳಲ್ಲಿ ನಮ್ಮದೊಂದು ವಿನಂತಿ. ನಿಮ್ಮೂರ ಗುಡಿಯ ಬುಡದಲ್ಲಿ ನೀರು ನಿಲ್ಲದಂತೆ ನೋಡಿಕೊಳ್ಳಿರಿ. ಗೋಡೆಯ ಸಂದಿನ ಸಸಿಯನ್ನು ಎಳೆಯದಿರುವಾಗಲೇ ತೆಗೆಯಿರಿ. ಕಲ್ಲಿಗೆ ಕೈಹಚ್ಚುವ ಮುನ್ನ ಪುರಾತತ್ವ ಇಲಾಖೆಯವರನ್ನು ವಿಚಾರಿಸಿರಿ. ಮನೆಯ ಮಕ್ಕಳಿಂದ ಶಾಸನದ ಒಂದು ಛಾಯಾಚಿತ್ರ ತೆಗೆಸಿಡಿರಿ. ಮಳೆಯನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲ. ನಮ್ಮ ಕೈಯನ್ನು ತಡೆಯುವುದು ನಮ್ಮಲ್ಲಿಯೇ ಇದೆ.